ಓದುಗರ ಪ್ರಶ್ನೆ: ಕಾದ ಗಾಜು, ಬಾವಿಕಟ್ಟೆಯ ಗೀರು

ಎರಡು ತಿಂಗಳ ಹಿಂದೆ ಈ ಪತ್ರಿಕೆಯ ಹಿಂಬದಿ ಪುಟದಲ್ಲಿ ನನ್ನ ಒಂದು ಗಾಜಿನ ಶಿಲ್ಪದ ಫೋಟೋ ಬಂದಿತ್ತು. ತಿಳಿಹಸಿರು ಗಾಜಿನ ಗಟ್ಟಿ, 35 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 8 ಸೆಂ.ಮೀ. ದಪ್ಪ. ಅದರ ಮೇಲೆ ಬೆರಳುಗಾತ್ರದ ಏಳು ಏಣುಗಳು. ಕೆಳಗೆ ಎರಡೇ ಸಾಲಿನ ವಿವರವಿತ್ತು: ಸಾಗರದ ಹತ್ತಿರದ ನಮ್ಮ ಹಳೇ ಮನೆಯ ಬಾವಿಕಟ್ಟೆಯಿಂದ ಅಚ್ಚು ತೆಗೆದದ್ದು, ತಣಿಯಲು ಏಳು ದಿನ ಹಿಡಿಯಿತು ಎಂದು. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಮೇಡಂ, ನೀವು ಕಲ್ಲಿನ ಶಿಲ್ಪಿ ಅಂತ ಕೇಳಿದ್ದೆ. ಕಲ್ಲು ಬಿಟ್ಟು ಗಾಜಿಗೆ ಯಾಕೆ ಬಂದಿರಿ? ಆ ಏಣುಗಳ ಅರ್ಥ ಏನು?
— ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ

ಕಲ್ಲು ಬಿಟ್ಟಿಲ್ಲಪ್ಪ. ಕಾರ್ಕಳದಲ್ಲಿ ಉಳಿ ಹಿಡಿಯಲು ಕಲಿತವಳು ನಾನು, ಇಪ್ಪತ್ತೆರಡು ವರ್ಷ ಅದರಲ್ಲೇ ಅನ್ನ ಉಂಡಿದ್ದೇನೆ. ಈಗಲೂ ದೇವಸ್ಥಾನದ ಕೆಲಸ ಬಂದರೆ ಮಾಡುತ್ತೇನೆ. ಗಾಜಿಗೆ ನನ್ನನ್ನು ಎಳೆದು ತಂದದ್ದು ಆ ಬಾವಿಕಟ್ಟೆಯೇ.

ನಮ್ಮ ಅಜ್ಜಿಯ ಮನೆಯ ಬಾವಿಗೆ ರಾಟೆ ಇರಲಿಲ್ಲ. ಕಟ್ಟೆಯ ಕಲ್ಲಿನ ಅಂಚಿಗೆ ಹಗ್ಗ ತಾಗಿಸಿಕೊಂಡೇ ನೀರು ಸೇದುತ್ತಿದ್ದರು. ಮೂರು ತಲೆಮಾರಿನ ಹೆಂಗಸರು ಸೇದಿ ಸೇದಿ ಕಲ್ಲಿನಲ್ಲಿ ಏಳು ಗೀರು ಬಿದ್ದಿದ್ದವು. ಒಂದೊಂದರಲ್ಲೂ ನನ್ನ ತೋರುಬೆರಳು ಪೂರ್ತಿ ಮುಳುಗುತ್ತಿತ್ತು. ಒಳಗೆಲ್ಲ ಬೆಣ್ಣೆ ಸವರಿದ ಹಾಗೆ ನುಣುಪು. ನಾನು ಉಳಿಯಲ್ಲಿ ಎಷ್ಟು ದಿನ ತಿಕ್ಕಿದರೂ ಆ ನುಣುಪು ಬರುವುದಿಲ್ಲ. ಮನೆ ಪಾಲಾಗಿ ಬಾವಿ ಮುಚ್ಚುತ್ತಾರೆ ಅಂತಾದಾಗ ಆ ಕಲ್ಲನ್ನು ತಂದು ಇಟ್ಟುಕೊಳ್ಳಬೇಕು ಅನ್ನಿಸಿತು. ಆದರೆ ನನಗೆ ಬೇಕಾಗಿದ್ದದ್ದು ಕಲ್ಲಲ್ಲ, ಕಲ್ಲಿನಲ್ಲಿ ಇಲ್ಲವಾದ ಭಾಗ. ಹಗ್ಗ ತಿಂದುಹಾಕಿದ್ದು. ಅದನ್ನು ಕೈಯಲ್ಲಿ ಹಿಡಿಯುವ ಹಾಗೆ ಮಾಡಬೇಕಿತ್ತು.

ಕಲ್ಲಿನ ಕೆಲಸ ಎಂದರೆ ತೆಗೆಯುವ ಕೆಲಸ. ಬೇಡದ್ದನ್ನು ತೆಗೆಯುತ್ತಾ ಹೋಗುವುದು. ತೆಗೆದು ಹೋದದ್ದನ್ನು ತುಂಬಲು ಕಲ್ಲಿಗೆ ಬರುವುದಿಲ್ಲ. ಎರಕಕ್ಕೆ ಬರುತ್ತದೆ. ಕಂಚಿನಲ್ಲಿ ಒಮ್ಮೆ ಮಾಡಿ ನೋಡಿದೆ. ಚೆನ್ನಾಗಿಯೇ ಬಂತು, ಆದರೆ ಅದರಲ್ಲಿ ನೀರಿರಲಿಲ್ಲ. ಗಾಜಿನಲ್ಲಿ ಸುರಿದ ದಿನ, ಬೆಳಕಿಗೆ ಹಿಡಿದಾಗ, ಏಳೂ ಏಣುಗಳೊಳಗೆ ಬಾವಿಯ ತಳದ ಹಸಿರು ಕಂಡಿತು.

ಮಾಡಿದ ರೀತಿ ಇದು. ಕಟ್ಟೆಯ ಅಂಚಿಗೆ ಸೋಪಿನ ನೀರು ಬಳಿದು ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎರೆದೆ. ಗಟ್ಟಿಯಾದ ಮೇಲೆ ಎತ್ತಿದರೆ ಕಲ್ಲಿನ ಗೀರೆಲ್ಲ ಪ್ಲಾಸ್ಟರಿನಲ್ಲಿ ಏಣು. ಆ ಪ್ಲಾಸ್ಟರನ್ನು ಹದವಾದ ಮರಳಿಗೆ ಒತ್ತಿ ತೆಗೆದರೆ ಮರಳಿನಲ್ಲಿ ಮತ್ತೆ ಗೀರು. ಅದರ ಮೇಲೆ ಕರಗಿದ ಗಾಜು. 5.6 ಲೀಟರಿನಷ್ಟು ಜಾಗ, ಗಾಜು ನೀರಿಗಿಂತ ಎರಡೂವರೆ ಪಟ್ಟು ಭಾರ, ಒಟ್ಟು 14 ಕೆ.ಜಿ. ಒಂದು ಸೌಟಿಗೆ ಮೂರು ಕೆ.ಜಿ.ಯಷ್ಟೇ ಹಿಡಿಯುವುದರಿಂದ ಐದು ಸಲ ಸುರಿದೆ. ಸೌಟು ಸೌಟಿನ ನಡುವೆ ಗಾಜಿನ ಮೈ ಕೊಂಚ ಆರಿ ತೆಳು ಗೆರೆ ಕಟ್ಟುತ್ತದೆ. ಒಡನಾಡಿ ಎರಕದವರು ಅದನ್ನು ದೋಷ ಎನ್ನುತ್ತಾರೆ, ಬೆಂಕಿ ಆಡಿಸಿ ಅಳಿಸುತ್ತಾರೆ. ನಾನು ಬೇಕೆಂದೇ ಉಳಿಸಿದೆ. ಅಡ್ಡದಿಂದ ನೋಡಿದರೆ ಆ ನಾಲ್ಕು ಗೆರೆಗಳು, ಬೇಸಿಗೆಯಲ್ಲಿ ಬಾವಿಯ ನೀರು ಇಳಿಯುತ್ತಾ ಗೋಡೆಯ ಮೇಲೆ ಬಿಟ್ಟುಹೋಗುವ ಗುರುತಿನ ಹಾಗೇ ಇವೆ.

ಸುರಿಯಲು ಹತ್ತು ನಿಮಿಷ, ತಣಿಯಲು ಏಳು ದಿನವೇ? ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟರೆ ಒಂದು ರಾತ್ರಿಯಲ್ಲಿ ತಣ್ಣಗಾಗುವುದಿಲ್ಲವೇ?
— ತೀರ್ಥಹಳ್ಳಿಯ ಅಡಿಕೆ ಬೆಳೆಗಾರರು

ತಣ್ಣಗಾಗುತ್ತದೆ, ಬೆಳಗಿನ ಜಾವಕ್ಕೆ ಚೂರಾಗಿಯೂ ಇರುತ್ತದೆ.

ನಿಮ್ಮ ಕಡೆ ಆಲೆಮನೆ ಇನ್ನೂ ನಡೆಯುತ್ತಿದ್ದರೆ ಕೊಪ್ಪರಿಗೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಪಾಕ ಬೆಂದ ಹಾಗೆಲ್ಲ ದಪ್ಪವಾಗುತ್ತದೆ. ಹದ ನೋಡಲು ಒಂದು ಹನಿಯನ್ನು ತಣ್ಣೀರಿಗೆ ಬಿಡುತ್ತಾರೆ. ಮೇಲೆ ಗಟ್ಟಿ, ಒಳಗೆ ಇನ್ನೂ ಮೆತ್ತಗೆ. ನಾನು ಗಾಜಿನ ಹದವನ್ನು ಮೊದಲು ಅರ್ಥ ಮಾಡಿಕೊಂಡದ್ದೇ ಚಿಕ್ಕಂದಿನ ಆಲೆಮನೆಯ ನೆನಪಿನಿಂದ. 1100 ಡಿಗ್ರಿಯ ಗಾಜು ಸೌಟಿನಿಂದ ಇಳಿಯುವುದು ಥೇಟ್ ಜೋನಿ ಬೆಲ್ಲದ ಹಾಗೆ: ನೂಲಾಗಿ, ಮಡಿಕೆ ಮಡಿಕೆಯಾಗಿ ಬಿದ್ದು, ಆಮೇಲೆ ನಿಧಾನವಾಗಿ ಮಟ್ಟವಾಗುತ್ತದೆ.

ಈಗ ಆ ಹನಿಯನ್ನೇ ಯೋಚಿಸಿ. ಹೊರಮೈ ಮೊದಲು ಗಟ್ಟಿಯಾಗಿ ತನ್ನ ಅಳತೆಗೆ ನಿಂತುಬಿಟ್ಟಿತು. ಒಳಗಿನದು ಆಮೇಲೆ ತಣಿಯುತ್ತದೆ, ತಣಿದಾಗ ಕುಗ್ಗಬೇಕು. ಹೊರಗಿನದು ಜಗ್ಗುವುದಿಲ್ಲ. ಒಳಗಿನದು ಹೊರಗಿನದನ್ನು ಎಳೆಯುತ್ತಲೇ ಇರುತ್ತದೆ, ಕಾಣದ ಹಾಗೆ, ವರ್ಷಗಟ್ಟಲೆ. ಕರಗಿದ ಗಾಜಿನ ಹನಿಯನ್ನು ನೇರ ನೀರಿಗೆ ಬಿಟ್ಟರೆ ಬಾಲವಿರುವ ಒಂದು ಗೊದಮೊಟ್ಟೆಯಂಥದ್ದು ಸಿಗುತ್ತದೆ. 1660ರಲ್ಲಿ ರೂಪರ್ಟ್ ಎಂಬ ರಾಜಕುಮಾರ ಇಂಗ್ಲೆಂಡಿಗೆ ಒಯ್ದು ತೋರಿಸಿದ್ದರಿಂದ ಅದಕ್ಕೆ ಅವನ ಹೆಸರೇ ಬಿದ್ದಿದೆ. ಅದರ ತಲೆಗೆ ಸುತ್ತಿಗೆ ಬಿದ್ದರೂ ಒಡೆಯುವುದಿಲ್ಲ. ಬಾಲದ ತುದಿ ಚಿವುಟಿ, ಇಡೀ ಹನಿ ಒಂದೇ ಸಲಕ್ಕೆ ಪುಡಿಯಾಗುತ್ತದೆ. ಒಳಗೆ ಅಷ್ಟು ಬಿಗಿ ಇರುತ್ತದೆ.

ಈ ಬಿಗಿ ಉಳಿಯದ ಹಾಗೆ ತಣಿಸಲು ಗಾಜನ್ನು ಬಿಸಿ ಗೂಡಿನೊಳಗೆ ಇಡುತ್ತೇವೆ. ನಾನು ಬಳಸುವ ಕಿಟಕಿ ಗಾಜಿಗೆ 545 ಡಿಗ್ರಿಯ ಆಸುಪಾಸು. ಅಲ್ಲಿ ಹನ್ನೆರಡು ಗಂಟೆ ಹಾಗೇ ನಿಲ್ಲಿಸುವುದು, ಒಳಗೂ ಹೊರಗೂ ಒಂದೇ ಬಿಸಿಯಾಗಲಿ ಅಂತ. ಆಮೇಲೆ ಇಳಿಸುವುದು. 8 ಸೆಂ.ಮೀ. ದಪ್ಪಕ್ಕೆ ಮೊದಲ ಹಂತದಲ್ಲಿ ಗಂಟೆಗೆ ಒಂದೂವರೆ ಡಿಗ್ರಿಗಿಂತ ಜಾಸ್ತಿ ಇಳಿಸುವ ಧೈರ್ಯ ನನಗಿಲ್ಲ. ದಪ್ಪ ಎರಡು ಪಟ್ಟಾದರೆ ತಣಿಸುವ ಹೊತ್ತು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಮೆರಿಕದ ಪಾಲೊಮಾರ್ ದೂರದರ್ಶಕದ 200 ಇಂಚಿನ ಕನ್ನಡಿಗೆ 1934ರ ಡಿಸೆಂಬರಿನಲ್ಲಿ ಗಾಜು ಎರೆದರು. ಅದನ್ನು ತಣಿಸಲು ಹತ್ತು ತಿಂಗಳು ಹಿಡಿಯಿತು. ಅದರ ಮುಂದೆ ನನ್ನ ಏಳು ದಿನ ಯಾವ ಲೆಕ್ಕ.

ಫೋಟೋದಲ್ಲಿದ್ದದ್ದು ಎರಡನೆಯ ಪ್ರತಿ. ಮೊದಲನೆಯದಕ್ಕೆ ಏನಾಯಿತು ಅಂತಲೂ ಹೇಳಿಬಿಡುತ್ತೇನೆ. ಜೂನ್ ಮೊದಲ ವಾರ, ಮಳೆ ಹಿಡಿಯುವ ಮುಂಚೆ ಮುಗಿಸೋಣ ಅಂತ ಆತುರಪಟ್ಟೆ. ಎರಡನೇ ರಾತ್ರಿ ಗಾಳಿಗೆ ಮರ ಬಿದ್ದು ಐದು ಗಂಟೆ ಕರೆಂಟ್ ಇರಲಿಲ್ಲ. ಗೂಡು ಎಷ್ಟು ಇಳಿಯಿತೋ ಕತ್ತಲಲ್ಲಿ ಗೊತ್ತಾಗಲಿಲ್ಲ. ಕರೆಂಟ್ ಬಂದ ಮೇಲೆ ಉಳಿದ ದಿನಗಳನ್ನು ಪೂರೈಸಿ ತೆಗೆದೆ. ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ. ಒರೆಸಿ ಜಗಲಿಯ ಮೇಲೆ ಇಟ್ಟೆ, ಬಂದವರಿಗೆಲ್ಲ ತೋರಿಸಿದೆ. ಹತ್ತೊಂಬತ್ತನೆಯ ದಿನ ರಾತ್ರಿ ಊಟ ಮಾಡುತ್ತಿದ್ದಾಗ ಹೊರಗೆ 'ಟಕ್' ಅಂತು. ಹಂಚಿನ ಮೇಲೆ ಅಡಿಕೆ ಬಿದ್ದ ಸದ್ದಿಗಿಂತ ದೊಡ್ಡದಲ್ಲ. ಹೋಗಿ ನೋಡಿದರೆ ಮೂರನೇ ಏಣಿನಿಂದ ಐದನೆಯದರವರೆಗೆ ಓರೆಯಾಗಿ ಸೀಳಿತ್ತು. ಯಾರೂ ಮುಟ್ಟಿರಲಿಲ್ಲ.

ಅಲ್ಲಿಂದ ಮುಂದೆ ಗೂಡಿನ ಸುತ್ತ ಒಂದು ಮೊಳ ದಪ್ಪಕ್ಕೆ ಉಮಿಯ ಬೂದಿ ತುಂಬಿದ ಪೆಟ್ಟಿಗೆ ಕಟ್ಟಿದ್ದೇನೆ. ಭತ್ತದ ಉಮಿಯನ್ನು ಪೂರ್ತಿ ಸುಟ್ಟರೆ ಉಳಿಯುವ ಬೂದಿಯಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಭಾಗ ಸಿಲಿಕವೇ, ಗಾಜಿನ ಮೂಲವಸ್ತುವೇ. ಅದು ಬಿಸಿಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಲೋಹದ ಮೇಲೆ ಇದನ್ನೇ ಹೊದಿಸುತ್ತಾರೆ. ಅಕ್ಕಿಗಿರಣಿಯಿಂದ ಹನ್ನೆರಡು ಮೂಟೆ ತಂದೆ. ಬೇಕೆಂದೇ ಒಮ್ಮೆ ಸ್ವಿಚ್ ಆರಿಸಿ ಪರೀಕ್ಷೆ ಮಾಡಿದೆ, ಮುಂಚೆ ಒಂದೇ ಗಂಟೆಯಲ್ಲಿ ಆಗುತ್ತಿದ್ದ ಇಳಿತಕ್ಕೆ ಈಗ ಅರ್ಧ ದಿನ ಬೇಕು. ಮತ್ತೆ, ಕುಲುಮೆ ಹತ್ತಿಸುವುದು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಾತ್ರ.

ತಂಗೀ, ನಾನು ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ಮೋಲ್ಡಿಂಗ್ ಮಾಡಿ ನಿವೃತ್ತನಾದವನು. ನಾವು ಮರಳಿನ ಅಚ್ಚಿಗೆ ಗಾಳಿ ಹೋಗಲು ವೆಂಟ್ ಚುಚ್ಚುತ್ತಿದ್ದೆವು. ಗಾಜಿಗೂ ಬೇಕೇ? ಮರಳು ಗಾಜಿಗೆ ಕಚ್ಚಿಕೊಳ್ಳುವುದಿಲ್ಲವೇ?
— ಭದ್ರಾವತಿಯ ಹಿರಿಯರು

ಅಣ್ಣಾ, ನಿಮಗೆ ನಮಸ್ಕಾರ. ನನಗೆ ಮರಳು ಕಲಿಸಿದ್ದು ನಿಮ್ಮ ಕಸುಬಿನವರೇ. ಹೊರದೇಶದ ಪುಸ್ತಕಗಳಲ್ಲಿ ಮರಳಿಗೆ ಬೆಂಟೊನೈಟ್ ಎಂಬ ಅಂಟು ಜೇಡಿ ಇಷ್ಟು, ನೀರು ಇಷ್ಟು ಅಂತ ಲೆಕ್ಕ ಇದೆ, ಆದರೆ ಹದ ಲೆಕ್ಕದಿಂದ ಬರಲಿಲ್ಲ. 1923ರಲ್ಲಿ ಊದುಕುಲುಮೆ ಹತ್ತಿದ ನಿಮ್ಮ ಊರಿನಲ್ಲಿ ಮರಳು ಮುಟ್ಟಿ ಹೇಳಬಲ್ಲ ಕೈಗಳು ಇನ್ನೂ ಇವೆ. ಅಲ್ಲಿ ಒಬ್ಬ ಹಿರಿಯರು ನನ್ನ ಅಂಗೈಗೆ ಒಂದು ಹಿಡಿ ಮರಳು ಹಾಕಿ ಮುಷ್ಟಿ ಬಿಗಿ ಅಂದರು. ಬಿಚ್ಚಿದಾಗ ಬೆರಳಿನ ಗುರುತು ಸ್ಪಷ್ಟವಾಗಿ ಉಳಿಯಬೇಕು, ಮುದ್ದೆಯನ್ನು ಮುರಿದರೆ ಎರಡೇ ತುಂಡಾಗಿ ಮುರಿಯಬೇಕು, ಕೈಗೆ ಒದ್ದೆ ಹತ್ತಬಾರದು. ನಾನು ಈಗಲೂ ಪ್ರತಿ ಅಚ್ಚಿಗೂ ಮುಂಚೆ ಅದನ್ನೇ ಮಾಡುವುದು.

ವೆಂಟ್ ಬೇಕೇ ಬೇಕು, ಕಬ್ಬಿಣಕ್ಕಿಂತ ಜಾಸ್ತಿಯೇ ಬೇಕು. ಕರಗಿದ ಕಬ್ಬಿಣ ನೀರಿನ ಹಾಗೆ ಓಡುತ್ತದೆ, ಭಾರವೂ ಹೆಚ್ಚು. ಕೆಳಗಿನ ಆವಿ ಬುಳುಬುಳು ಅಂತ ಮೇಲೆದ್ದು ಹೋಗಿಬಿಡುತ್ತದೆ. ಗಾಜು ಮಂದ. ಆವಿ ಒಳಗೆ ಸಿಕ್ಕಿಬಿದ್ದರೆ ಗುಳ್ಳೆಯಾಗಿ ಅಲ್ಲೇ ಕೂರುತ್ತದೆ. ಕಬ್ಬಿಣದಲ್ಲಿ ಒಳಗುಳ್ಳೆ ಕಾಣುವುದಿಲ್ಲ, ಗಾಜಿನಲ್ಲಿ ಪ್ರತಿಯೊಂದೂ ಕಾಣುತ್ತದೆ. ನಾನು ಸೈಕಲ್ ಚಕ್ರದ ಕಡ್ಡಿಯಿಂದ ಬೆರಳಗಲಕ್ಕೊಂದು ಚುಚ್ಚುತ್ತೇನೆ, ಅಚ್ಚಿನ ಮುಖಕ್ಕೆ ಸ್ವಲ್ಪ ಮೊದಲೇ ನಿಲ್ಲಿಸುತ್ತೇನೆ. ಮೇಲ್ಮೈಗೆ ಗ್ಯಾಸ್ ದೀಪದ ಜ್ವಾಲೆ ಒಂದು ಸಲ ಆಡಿಸಿ ಆರಿಸುತ್ತೇನೆ.

ಮರಳು ಕಚ್ಚಿಕೊಳ್ಳುತ್ತದೆ, ನಿಜ. ಗ್ರಾಫೈಟ್ ಪುಡಿ ಉದುರಿಸಿದರೆ ಅಥವಾ ಅಸಿಟಿಲೀನ್ ಜ್ವಾಲೆಯ ಮಸಿ ಹಿಡಿಸಿದರೆ ಬಿಡುತ್ತದೆ. ಏಣುಗಳಿರುವ ಭಾಗಕ್ಕೆ ಮಸಿ ಹಿಡಿಸಿದೆ, ಉಳಿದ ಕಡೆ ಹಾಗೇ ಬಿಟ್ಟೆ. ಹಾಗಾಗಿ ಏಣುಗಳು ನುಣುಪು, ಸುತ್ತಲಿನದು ತರಿತರಿ, ಕಲ್ಲಿನ ಮೈಯ ಹಾಗೆ. ಸ್ವೀಡನ್ನಿನ ಬೆರ್ಟಿಲ್ ವಾಲ್ಲಿಯೆನ್ ಎಂಬ ಶಿಲ್ಪಿ ಇದೇ ಮರಳಿನ ಅಚ್ಚಿನಲ್ಲಿ ಗಾಜಿನ ದೋಣಿಗಳನ್ನು ಎರೆದು ಜಗತ್ತಿಗೆಲ್ಲ ಹೆಸರಾದವರು. ಅವರ ದೋಣಿಗಳಲ್ಲೂ ಹೊರಮೈ ಒರಟು, ಒಳಗೆ ಬೆಳಕು. ಚಿತ್ರದಲ್ಲಷ್ಟೇ ನೋಡಿದ್ದೇನೆ. ಗಾಜಿನ ಒರಟುತನವನ್ನು ಉಜ್ಜಿ ಹೊಳಪು ಮಾಡಲೇಬೇಕು ಎಂಬ ಹಟ ನನ್ನಿಂದ ಹೋದದ್ದು ಅವನ್ನು ನೋಡಿದ ಮೇಲೆ.

ನನ್ನ ಮಗ ಪಿಯುಸಿ ಎರಡನೇ ವರ್ಷ. ಹಿತ್ತಲಲ್ಲಿ ಇದ್ದಿಲಿನ ಒಲೆಗೆ ಬ್ಲೋವರ್ ಕಟ್ಟಿಕೊಂಡು ಬಾಟಲಿ ಕರಗಿಸುತ್ತಾನೆ, ತುಂಡುಗಳೆಲ್ಲ ಬಿರುಕು ಬಿಡುತ್ತವೆ. ಬೈದರೆ ಊಟ ಬಿಡುತ್ತಾನೆ. ನಿಮ್ಮ ಫೋಟೋ ಕತ್ತರಿಸಿ ಗೋಡೆಗೆ ಅಂಟಿಸಿದ್ದಾನೆ. ನೀವೇ ಏನಾದರೂ ಹೇಳಿ.
— ಸಾಗರದ ತಾಯಿ

ಅಮ್ಮಾ, ಬೈಯಬೇಡಿ. ಹಾಗೆಯೇ ಅವನೊಬ್ಬನನ್ನೇ ಬಿಡಲೂ ಬೇಡಿ. ಮುಂದಿನ ಮಾತು ಅವನಿಗೆ, ದಯವಿಟ್ಟು ಓದಿಸಿ.

ಮಗಾ, ಮೊದಲು ನೀರಿನ ವಿಷಯ. ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟು ಹಿಗ್ಗುತ್ತದೆ. ಒದ್ದೆ ಅಚ್ಚಿನೊಳಗೆ, ಒದ್ದೆ ಕಲ್ಲಿನ ಸಂದಿಯಲ್ಲಿ ಒಂದು ಚಮಚ ನೀರು ಉಳಿದಿದ್ದು ಅದರ ಮೇಲೆ ಕರಗಿದ ಗಾಜು ಬಿದ್ದರೆ ಗಾಜು ನಿನ್ನ ಮುಖಕ್ಕೆ ಹಾರುತ್ತದೆ. ಸಿಮೆಂಟ್ ನೆಲದ ಮೇಲೂ ಸುರಿಯಬೇಡ, ಸಿಮೆಂಟಿನೊಳಗೂ ತೇವ ಇರುತ್ತದೆ, ಸಿಡಿಯುತ್ತದೆ. ಒಣ ಮರಳು ಹಾಸಿಕೋ. ನಮ್ಮ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದೆ ಅನ್ನಿಸಿದ್ದು ಯಾವುದೂ ಒಣಗಿರುವುದಿಲ್ಲ ಅಂತ ತಿಳಿದುಕೋ.

ನೈಲಾನ್, ಪಾಲಿಯೆಸ್ಟರ್ ಬೇಡ. ಅವು ಚರ್ಮಕ್ಕೆ ಕರಗಿ ಅಂಟುತ್ತವೆ. ಅಪ್ಪನ ಹಳೇ ಹತ್ತಿ ಅಂಗಿ ಹಾಕು, ಕಾಲಿಗೆ ಚಪ್ಪಲಿಯಲ್ಲ, ಚರ್ಮದ ಬೂಟು. ಕುಲುಮೆಯ ಬಾಯಿಯನ್ನು ಬರಿಗಣ್ಣಲ್ಲಿ ದಿಟ್ಟಿಸಬೇಡ. ಆ ಕೆಂಪು ಬಿಸಿಯಲ್ಲಿ ಕಾಣದ ಕಿರಣಗಳಿವೆ. ಹಿಂದೆ ಗಾಜು ಊದುವವರಿಗೆ ವರ್ಷಗಳ ಮೇಲೆ ಕಣ್ಣಿಗೆ ಪೊರೆ ಬರುತ್ತಿದ್ದದ್ದು ಇದರಿಂದಲೇ. ವೆಲ್ಡಿಂಗ್ ಅಂಗಡಿಯಲ್ಲಿ ತಕ್ಕ ಕನ್ನಡಕ ಸಿಗುತ್ತದೆ. ಗಾಜು ಉಜ್ಜುವಾಗ ನೀರು ಬಿಟ್ಟುಕೊಂಡೇ ಉಜ್ಜು, ಒಣ ಪುಡಿ ಎದೆಗೆ ಹೋಗಬಾರದು.

ಇನ್ನು ನಿನ್ನ ತುಂಡುಗಳೆಲ್ಲ ಬಿರುಕು ಬಿಡುತ್ತಿವೆ ಅಂತ ಅಮ್ಮ ಬರೆದಿದ್ದಾರೆ. ಕಾರಣ ಎರಡಿರಬಹುದು. ಬೇಗ ತಣಿಸುತ್ತೀಯ ಎಂಬುದು ಒಂದು, ಮೇಲೆ ಹೇಳಿದ್ದೇನೆ. ಇನ್ನೊಂದು, ಸಿಕ್ಕಸಿಕ್ಕ ಬಾಟಲಿ ಬೆರೆಸುತ್ತೀಯ. ಗಾಜಿನಲ್ಲಿ ಹತ್ತಾರು ಜಾತಿ. ಬಿಸಿಗೆ ಒಂದೊಂದು ಒಂದೊಂದು ಅಳತೆಗೆ ಹಿಗ್ಗುತ್ತದೆ. ಒಲೆಯ ಮೇಲಿಡುವ ಗಾಜಿನ ಪಾತ್ರೆ, ಲ್ಯಾಬಿನ ಬೀಕರು ಬೋರೋಸಿಲಿಕೇಟ್. ಅದು ಕಿಟಕಿ ಗಾಜಿನ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಷ್ಟೇ ಹಿಗ್ಗುವುದು. ಎರಡನ್ನೂ ಸೇರಿಸಿ ಕರಗಿಸಿದರೆ ತಣಿಯುವಾಗ ಜಗಳ ಗ್ಯಾರಂಟಿ. ಬಾಟಲಿ ಬಾಟಲಿಗೂ ವ್ಯತ್ಯಾಸ ಇರುತ್ತದೆ.

ಇದನ್ನು ತಿಳಿಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ, ನನಗೆ ತುಂಬ ಇಷ್ಟವಾದದ್ದು. ಎರಡು ಗಾಜಿನ ಚೂರುಗಳನ್ನು ಪಕ್ಕಪಕ್ಕ ಇಟ್ಟು ಬರ್ನರ್ ಜ್ವಾಲೆಯಲ್ಲಿ ಅಂಟಿಸು. ಮೆತ್ತಗಾದಾಗ ಎರಡು ಇಕ್ಕಳದಲ್ಲಿ ಹಿಡಿದು ಹೊರಗೆ ತಂದು ಎಳೆ. ಪಾಕದ ಎಳೆಯ ಹಾಗೆ ಉದ್ದ ನೂಲು ಬರುತ್ತದೆ, ಅರ್ಧ ಒಂದು ಗಾಜು, ಅರ್ಧ ಇನ್ನೊಂದು. ತಣಿಯುವುದನ್ನು ನೋಡು. ನೂಲು ನೇರ ನಿಂತರೆ ಎರಡಕ್ಕೂ ಹೊಂದುತ್ತದೆ. ಬಿಲ್ಲಿನ ಹಾಗೆ ಬಾಗಿದರೆ, ಯಾವ ಕಡೆಗೆ ಬಾಗಿತೋ ಆ ಕಡೆಯ ಗಾಜು ಜಾಸ್ತಿ ಕುಗ್ಗುವ ಜಾತಿ. ಅದನ್ನು ಬೇರೆ ಡಬ್ಬಕ್ಕೆ ಹಾಕು.

ತಣಿಸಿದ ತುಂಡಿನಲ್ಲಿ ಬಿಗಿ ಉಳಿದಿದೆಯೇ ಅಂತ ನೋಡಲು ಲ್ಯಾಪ್‌ಟಾಪ್ ಪರದೆಯನ್ನು ಬಿಳಿ ಬಣ್ಣಕ್ಕೆ ಹಾಕಿ ಅದರ ಮುಂದೆ ಗಾಜು ಹಿಡಿ. ಪೋಲರಾಯ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ ಅದರ ಮೂಲಕ ನೋಡು. ಬಿಗಿ ಇದ್ದ ಕಡೆ ಗಾಜು ಮಿನುಗುತ್ತದೆ, ಜಾಸ್ತಿ ಇದ್ದರೆ ಕಾಮನಬಿಲ್ಲಿನ ಬಣ್ಣ ಬರುತ್ತದೆ. ನೋಡಲು ಎಷ್ಟು ಚಂದವೋ ಅಷ್ಟು ಅಪಾಯ. ನನ್ನ ಮೊದಲ ಬಾವಿಕಟ್ಟೆಗೆ ಈ ಪರೀಕ್ಷೆ ಮಾಡಿದ್ದರೆ ಹತ್ತೊಂಬತ್ತು ದಿನ ಮೊದಲೇ ಗೊತ್ತಾಗುತ್ತಿತ್ತು.

ಗಾಜಿನೊಳಗೆ ಎಲೆ, ಹೂವು, ಲೋಹ ಇಟ್ಟು ಎರೆಯಬಹುದೇ? ಬೇರೆ ಏನೇನು ಪ್ರಯೋಗ ಮಾಡಿದ್ದೀರಿ?
— ಕೊಪ್ಪ ಹಾಗೂ ಹೊಸನಗರದಿಂದ ಬಂದ ಪತ್ರಗಳು

ಎಲೆ ಉಳಿಯುವುದಿಲ್ಲ, ಸುಟ್ಟು ಹೋಗುತ್ತದೆ. ಆದರೆ ಅದರ ಗುರುತು ಉಳಿಯುತ್ತದೆ. ಒಣಗಿಸಿದ ಹಲಸಿನೆಲೆಯನ್ನು ಎರಡು ಸೌಟಿನ ನಡುವೆ ಹಾಸಿದೆ. ಹೊಗೆ ಎದ್ದಿತು, ನರಗಳಿದ್ದಲ್ಲೆಲ್ಲ ಬೂದಿಯ ಸಣ್ಣ ಗೆರೆ, ಅದರ ಸುತ್ತ ಸಾಸಿವೆಗಿಂತ ಸಣ್ಣ ಗುಳ್ಳೆಗಳ ಸಾಲು. ಹಸಿ ಎಲೆ ಹಾಕಿದಾಗ ದೊಡ್ಡ ಗುಳ್ಳೆ ಎದ್ದು ಆಕಾರವೇ ಕೆಟ್ಟಿತು. ಜರೀಗಿಡದ ಎಲೆ ಎಲ್ಲಕ್ಕಿಂತ ಚೆನ್ನಾಗಿ ಬಂತು.

ತಾಮ್ರ ಗಾಜಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆದರೂ ಕಾಗದದಷ್ಟು ತೆಳು ತಗಡು ಮೆತ್ತಗಿರುವುದರಿಂದ ಗಾಜು ಎಳೆದತ್ತ ಬಗ್ಗುತ್ತದೆ, ಒಡಕು ಬರುವುದಿಲ್ಲ. ತಾಮ್ರದ ಕೊಡದ ಕಂಠದ ಗಟ್ಟಿ ಅಂಚು ಇಟ್ಟು ಎರೆದೆ, ಗೂಡಿನಲ್ಲೇ ಮೂರು ಹೋಳಾಯಿತು. ಮೊಳೆಯೂ ಹಾಗೇ.

ಜಂಬಿಟ್ಟಿಗೆಯ ಮೇಲೆ ಸುರಿದು ನೋಡಬೇಕು ಅಂತ ಬಹಳ ಆಸೆಯಿತ್ತು, ನಮ್ಮ ಮನೆಗಳ ಗೋಡೆಯೇ ಅದಲ್ಲವೇ. ತೂತುಗಳ ತುಂಬ ನೀರು ಹಿಡಿದಿಡುವ ಕಲ್ಲು. ಎರಡು ದಿನ ಗೂಡಿನಲ್ಲಿ ಕಾಯಿಸಿ, ಬಿಸಿಯಿದ್ದಾಗಲೇ ದೂರ ನಿಂತು ಉದ್ದ ಹಿಡಿಕೆಯ ಸೌಟಿನಿಂದ ಸುರಿದೆ. ಗಾಜು ತೂತುಗಳಿಗೆ ಇಳಿದು ಕಚ್ಚಿಕೊಂಡಿತು, ಬಿಡಿಸಲಾಗಲಿಲ್ಲ. ತಣಿಯುವಾಗ ಕಲ್ಲೇ ಸೀಳಿತು. ಸೀಳಿದ ಕಲ್ಲಿನಿಂದ ಗಾಜಿನ ಬೇರುಗಳು ನೇತಾಡುತ್ತಿದ್ದವು. ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ, ಈ ಐದು ವರ್ಷದಲ್ಲಿ ನನಗೆ ದೊರೆತ ಅತ್ಯುತ್ತಮ ರೂಪ ಅದು. ಮತ್ತೆ ನಾಲ್ಕು ಸಲ ಪ್ರಯತ್ನಿಸಿದೆ, ಹಾಗೆ ಬರಲಿಲ್ಲ.

ಊದುವವರು ಬಿಸಿ ಗಾಜನ್ನು ತಿದ್ದಲು ನೀರಿನಲ್ಲಿ ನೆನೆಸಿದ ದಿನಪತ್ರಿಕೆಯ ಮಡಿಕೆ ಅಥವಾ ಹಣ್ಣಿನ ಮರದ ದಿಮ್ಮಿ ಬಳಸುತ್ತಾರೆ. ಮರದ ತೇವ ಆವಿಯಾಗಿ ಗಾಜಿಗೂ ಮರಕ್ಕೂ ನಡುವೆ ತೆಳು ಹಾಸು ಕಟ್ಟುತ್ತದೆ, ಮರ ಕಚ್ಚುವುದಿಲ್ಲ. ಇಲ್ಲಿ ತೆರೆದ ಬಯಲಿನಲ್ಲಿ ಆವಿಗೆ ದಾರಿಯಿದೆ, ಅದಕ್ಕೇ ಇಲ್ಲಿ ನೀರು ಒಳ್ಳೆಯದು, ಅಚ್ಚಿನೊಳಗೆ ಕೆಟ್ಟದ್ದು. ನಾನು ಹಲಸಿನ ಮರದಲ್ಲಿ ಕೆತ್ತಿಸಿಕೊಂಡಿದ್ದೇನೆ. ಪೇಪರಿನ ಬದಲು ನೆನೆಸಿದ ಅಡಿಕೆ ಹಾಳೆ ನಾಲ್ಕು ಮಡಿಕೆ. ಕೈಗೆ ಬಿಸಿ ತಾಗಲು ಬಿಡುವುದಿಲ್ಲ, ಗಾಜಿನ ಮೇಲೆ ಅದರ ಉದ್ದುದ್ದ ನಾರಿನ ನೆರಳು ಮೂಡಿಸುತ್ತದೆ.

ತುಂಗಾ ನದಿಯ ಮರಳಿನಿಂದಲೇ ಗಾಜು ಮಾಡಲು ಬರುವುದಿಲ್ಲವೇ?
— ಶಿವಮೊಗ್ಗದ ಓದುಗರು

ಬರೀ ಮರಳು ಕರಗಲು 1700 ಡಿಗ್ರಿ ಬೇಕು. ಸೋಡಾ ಬೆರೆಸಿದರೆ ಬೇಗ ಕರಗುತ್ತದೆ, ಆದರೆ ಆ ಗಾಜು ನೀರಿನಲ್ಲೇ ಕರಗಿಹೋಗುತ್ತದೆ. ನಿಲ್ಲಿಸಲು ಸುಣ್ಣ ಬೇಕು. ಮೂರನ್ನೂ ಕೂಡಿಸಿ ಕರಗಿಸಲು ಬೇಕಾದ ಕಾವನ್ನು ದಿನಗಟ್ಟಲೆ ಕೊಡುವ ಕುಲುಮೆ ನನ್ನಲ್ಲಿಲ್ಲ. ಅದಕ್ಕೇ ಗಾಜಿನಂಗಡಿಯಲ್ಲಿ ಕತ್ತರಿಸಿ ಉಳಿದ ಕಿಟಕಿ ಗಾಜಿನ ಪಟ್ಟಿಗಳನ್ನು, ಒಂದೇ ಅಂಗಡಿಯಿಂದ ಒಂದೇ ಬಗೆಯದನ್ನು ತಂದು ಮೂಸೆಯಲ್ಲಿ ಕರಗಿಸುತ್ತೇನೆ. ನದಿ ಮರಳಿನಲ್ಲಿ ಕಬ್ಬಿಣದ ಅಂಶ ಬೇರೆ. ಕಬ್ಬಿಣ ಗಾಜಿಗೆ ಹಸಿರು ಕೊಡುತ್ತದೆ. ಬಾವಿಕಟ್ಟೆಯ ಹಸಿರು ಕೂಡ ಅದೇ, ಕಿಟಕಿ ಗಾಜಿನ ಅಂಚನ್ನು ನೋಡಿದರೆ ಕಾಣುತ್ತದಲ್ಲ, ಅದು. ಆ ಹಸಿರನ್ನು ಮರೆಸಲು ಹಿಂದಿನವರು ಚಿಟಿಕೆ ಮ್ಯಾಂಗನೀಸ್ ಹಾಕುತ್ತಿದ್ದರು, ಅದರ ನೇರಳೆ ಇದರ ಹಸಿರನ್ನು ಮುಚ್ಚುತ್ತದೆ. ನಮ್ಮ ಕುಂಸಿಯ ಗಣಿಯಲ್ಲಿ ತೆಗೆಯುತ್ತಿದ್ದದ್ದು ಅದೇ ಮ್ಯಾಂಗನೀಸು. ನನಗೆ ಹಸಿರು ಬೇಕಿತ್ತು, ಹಾಕಲಿಲ್ಲ.

ಗಾಜು ನಿಜಕ್ಕೂ ಬಹಳ ನಿಧಾನ ಹರಿಯುವ ದ್ರವ, ಹಳೇ ಚರ್ಚುಗಳ ಕಿಟಕಿ ಗಾಜು ಅದಕ್ಕೇ ಕೆಳಗೆ ದಪ್ಪ ಎಂದು ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಸರಿಯೇ?
— ವಿಜ್ಞಾನ ಶಿಕ್ಷಕರು, ಶೃಂಗೇರಿ

ಸರಿಯಲ್ಲ ಮೇಷ್ಟ್ರೇ. ಹಿಂದೆ ಗಾಜನ್ನು ತಿರುಗಿಸಿ ತಟ್ಟೆ ಮಾಡಿ ಕತ್ತರಿಸುತ್ತಿದ್ದರು, ತುಂಡುಗಳು ಸಮ ದಪ್ಪ ಇರುತ್ತಿರಲಿಲ್ಲ. ಮೇಲೆ ದಪ್ಪ ಇರುವ ಹಳೇ ಗಾಜುಗಳೂ ಇವೆ. ಗಾಜು ಘನವೇ, ಆದರೆ ಒಳಗಿನ ಜೋಡಣೆ ಹರಳಿನ ಹಾಗೆ ಸಾಲು ಕಟ್ಟಿರುವುದಿಲ್ಲ, ದ್ರವದ ಹಾಗೆ ಚೆದುರಿದ್ದೇ ನಿಂತುಬಿಟ್ಟಿರುತ್ತದೆ. ಮಕ್ಕಳಿಗೆ ಸಕ್ಕರೆ ಪಾಕದಲ್ಲಿ ತೋರಿಸಿ: ಕದಡದೆ ಬೇಗ ತಣಿಸಿದರೆ ತಿಳಿ ಗಾಜಿನಂತೆ, ಕದಡುತ್ತಾ ತಣಿಸಿದರೆ ಹರಳು ಕಟ್ಟಿ ಬೆಳ್ಳಗೆ. ನಮ್ಮ ಗಾಜೂ 700ರಿಂದ 900 ಡಿಗ್ರಿಯ ನಡುವೆ ಬಹಳ ಹೊತ್ತು ನಿಂತರೆ ಮೈಮೇಲೆ ಬೂಷ್ಟು ಹಿಡಿದ ಹಾಗೆ ಹರಳು ಕಟ್ಟುತ್ತದೆ.

ಒಡೆದ ಗಾಜು ಮನೆಯಲ್ಲಿ ಇಡಬಾರದು ಎನ್ನುತ್ತಾರೆ. ನೀವು ಒಡೆದದ್ದನ್ನೆಲ್ಲ ಇಟ್ಟುಕೊಳ್ಳುತ್ತೀರಂತೆ?
— ಸೊರಬದ ಗೃಹಿಣಿ

ನಮ್ಮ ಅಜ್ಜಿಯೂ ಇಡಲು ಬಿಡುತ್ತಿರಲಿಲ್ಲ. ಬಳೆಗಾರ ಮಲಾರ ಇಳಿಸಿ ಬಳೆ ತೊಡಿಸುವಾಗ ಒಂದು ಒಡೆದರೂ 'ಒಡೆಯಿತು' ಅನ್ನಬಾರದಿತ್ತು, 'ಹೆಚ್ಚಿತು' ಅನ್ನಬೇಕಿತ್ತು. ಚೂರನ್ನು ಆಗಲೇ ಆರಿಸಿ ಹೊರಗೆ ಹಾಕುತ್ತಿದ್ದರು. ಆ ಮಾತಿನ ಹಿಂದಿನ ನೋವು ನನಗೆ ಗೊತ್ತು, ಅದನ್ನು ಮೀರುವ ಹಟಕ್ಕೆ ಇಟ್ಟುಕೊಂಡದ್ದಲ್ಲ.

ನನ್ನ ಕೊಟ್ಟಿಗೆಯ ಉದ್ದ ಹಲಗೆಯ ಮೇಲೆ ಈಗ 63 ಒಡೆದ ತುಂಡುಗಳಿವೆ. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿದ್ದೇನೆ: ಎರೆದ ದಿನ, ದಪ್ಪ, ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು, ಯಾವಾಗ ಬಿರಿಯಿತು, ಬಿರುಕು ಎಲ್ಲಿಂದ ಹೊರಟಿತು. ಬಿರುಕಿನ ಮೈಯನ್ನು ಬೆಳಕಿಗೆ ಓರೆ ಹಿಡಿದರೆ ನೀರಿನ ಅಲೆಯಂಥ ಗೆರೆಗಳು ಕಾಣುತ್ತವೆ, ಅವು ಬಾಗಿರುವ ಕಡೆಯಿಂದ ಹಿಂದಕ್ಕೆ ಹೋದರೆ ಶುರುವಾದ ಜಾಗ ಸಿಗುತ್ತದೆ. ಅಲ್ಲಿ ಸಾಮಾನ್ಯವಾಗಿ ಒಂದು ಮರಳಿನ ಕಾಳು, ಇಲ್ಲವೇ ಮೂಸೆಯಿಂದ ಬಿದ್ದ ಕಲ್ಲುಚೂರು ಕೂತಿರುತ್ತದೆ. ನನಗೆ ಗಾಜಿನ ಗುರುಗಳು ಅಂತ ಹತ್ತಿರದಲ್ಲಿ ಯಾರೂ ಇರಲಿಲ್ಲ. ಈ ಹಲಗೆಯೇ ಇತ್ತು. ಬಾವಿಕಟ್ಟೆಯ ಎರಡನೇ ಪ್ರತಿ ಸುರಿಯುವ ಮುಂಚೆ ಮೊದಲನೆಯದರ ಸೀಳನ್ನು ಮೂರು ಸಂಜೆ ಕೂತು ನೋಡಿದ್ದೇನೆ.

ಅಕ್ಕಾ, ನಮ್ಮದು ಮರ ಕೆತ್ತುವ ಮನೆತನ. ನನಗೆ ಗಾಜು ಕಲಿಯಬೇಕು. ಎಲ್ಲಿಗೆ ಹೋಗಲಿ? ಕಾರ್ಖಾನೆಯಿಲ್ಲದೆ ಒಬ್ಬಳೇ ಮಾಡಲು ಸಾಧ್ಯವೇ?
— ಸಾಗರದ ತಂಗಿ

ಸಾಧ್ಯ. 1962ರವರೆಗೂ ಅಮೆರಿಕದಲ್ಲಿ ಕೂಡ ಗಾಜು ಎಂದರೆ ಕಾರ್ಖಾನೆ ಎಂದೇ ನಂಬಿದ್ದರು. ಆ ವರ್ಷ ಹಾರ್ವಿ ಲಿಟಲ್‌ಟನ್ ಎಂಬ ಕುಂಬಾರಿಕೆಯ ಮೇಷ್ಟ್ರು ಟೊಲೆಡೊ ಊರಿನ ಕಲಾಸಂಗ್ರಹಾಲಯದ ಆವರಣದಲ್ಲಿ ಒಂದು ಸಣ್ಣ ಕುಲುಮೆ ಕಟ್ಟಿ ಶಿಬಿರ ನಡೆಸಿದರು. ಮೊದಲು ಬೆರೆಸಿದ ಗಾಜು ಕೈಕೊಟ್ಟಿತು. ಡೊಮಿನಿಕ್ ಲಬೀನೋ ಎಂಬ ಗಾಜಿನ ತಜ್ಞ, ಗಾಜಿನೆಳೆ ತೆಗೆಯಲು ಬಳಸುವ ಗೋಲಿಗಳನ್ನು ಕರಗಿಸಿ ನೋಡಿ ಅಂದರು. ಅದು ಊದಲು ಬಂತು. ಒಬ್ಬಂಟಿ ಕಲಾವಿದರ ಗಾಜು ಅಲ್ಲಿಂದ ಹಬ್ಬಿದ್ದು. ಜೆಕ್ ದೇಶದ ಲಿಬೆನ್‌ಸ್ಕಿ ಮತ್ತು ಬ್ರಿಖ್ತೊವಾ ದಂಪತಿಯ ಕೆಲಸಗಳ ಚಿತ್ರ ಸಿಕ್ಕಿದರೆ ನೋಡು. ಅವರು ಅಚ್ಚಿನೊಳಗೇ ಗಾಜು ಕರಗಿಸಿ ಆಳೆತ್ತರದ ಶಿಲ್ಪ ಮಾಡಿದವರು. ಗಾಜಿನೊಳಗಿನ ಟೊಳ್ಳನ್ನೇ ಆಕಾರ ಮಾಡಿದ್ದಾರೆ.

ನಮ್ಮಲ್ಲಿ ಉತ್ತರ ಪ್ರದೇಶದ ಫಿರೋಜಾಬಾದಿಗೆ ಒಮ್ಮೆ ಹೋಗಿ ಬಾ. ನಮ್ಮ ಜಾತ್ರೆಯ ಬಳೆಗಳಲ್ಲಿ ಬಹುಪಾಲು ಅಲ್ಲಿಂದಲೇ ಬರುವುದು. ಕುಲುಮೆಯ ಬಾಯಲ್ಲಿ ನಿಂತು ದಿನಕ್ಕೆ ಸಾವಿರಾರು ಸುತ್ತು ಎಳೆಯುವ ಕೆಲಸಗಾರರ ಕೈ ನೋಡು. ಆ ಬಿಸಿಯಲ್ಲಿ, ಅಷ್ಟು ಕಡಿಮೆ ಕೂಲಿಯಲ್ಲಿ ಆ ಕೈಚಳಕ ನೋಡಿ ನನಗೆ ಕಣ್ಣು ತುಂಬಿತ್ತು. ಗಾಜಿನ ವಿಜ್ಞಾನ ಬೇಕೆಂದರೆ ಕೋಲ್ಕತ್ತದಲ್ಲಿ ಕೇಂದ್ರ ಸರ್ಕಾರದ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆ ಇದೆ. ಹತ್ತಿರದಲ್ಲಿ ಬೇಕೆಂದರೆ ಮೊದಲು ಭದ್ರಾವತಿಯಲ್ಲೋ ಶಿವಮೊಗ್ಗದ ಮಾಚೇನಹಳ್ಳಿಯಲ್ಲೋ ಯಾವುದಾದರೂ ಫೌಂಡ್ರಿಯಲ್ಲಿ ಮರಳು ಕಲಿ. ನಿನ್ನ ಮನೆಯವರ ಉಳಿ ಇದ್ದೇ ಇದೆ, ಮಾದರಿ ಕೆತ್ತಲು ಅದಕ್ಕಿಂತ ಬೇರೆ ಬೇಡ.

ಈ ಫೆಬ್ರವರಿಯಲ್ಲಿ ನಾನು ಎರೆಯಬೇಕೆಂದಿರುವುದು ಒಂದು ಒರಳಿನ ಗುಳಿ. ಐವತ್ತು ವರ್ಷ ರುಬ್ಬಿ ಸವೆದ ಒರಳು, ಗುಳಿಯ ಒಳಗೆ ಪೂರ್ತಿ ಗಾಜು, 18 ಕೆ.ಜಿ. ಬರಬಹುದು, ಹೊಟ್ಟೆಯ ಭಾಗ 15 ಸೆಂ.ಮೀ. ದಪ್ಪ. ಲೆಕ್ಕ ಹಾಕಿದ್ದೇನೆ, ತಣಿಯಲು ಮೂರು ವಾರಕ್ಕೂ ಮಿಗಿಲು. ಪತ್ರಿಕೆಯ ಕಚೇರಿಯಲ್ಲಿ ನನ್ನ ವಿಳಾಸ ಕೇಳಿಕೊಂಡು ಆಗ ಬಾ. ರಾತ್ರಿ ಪಾಳಿಗೆ ಗೂಡಿನ ಹತ್ತಿರ ಕೂತು ಗಂಟೆಗೊಂದು ಸಲ ಡಿಗ್ರಿ ಬರೆದಿಡಲು ನನಗೂ ಒಬ್ಬರು ಬೇಕು. ಹತ್ತಿ ಬಟ್ಟೆ ತಾ, ಕಂಬಳಿ ಇಲ್ಲೇ ಇದೆ.